ಬಾಳಿಹಣ್ಣು-ಓಟ್ಸ್ ಬಿಸ್ಕಿಟ್ ಮೂರನೇ ಸಲಾನೂ ಕೆಟ್ಟೈತಿ, ಯಾರರ ಹೇಳ್ರೀ ಎಲ್ಲಿ ತಪ್ಪಾಕತ್ತೀನಿ

ವಿಜಾಪುರ ವೈನಿ:
ಎಲ್ಲಾರಿಗೂ ನಮಸ್ಕಾರ್ರೀ. ನನ್ನ ಮಗ ಬೆಂಗಳೂರಾಗ ನೌಕರಿ ಮಾಡ್ತಾನ, ಹೋದ ವರ್ಷದಿಂದ ವೀಗನ್ ಆಗ್ಯಾನ. ಹಾಲಿಲ್ಲ, ಮಸರಿಲ್ಲ, ತುಪ್ಪಿಲ್ಲ, ಜೇನತುಪ್ಪಾನೂ ಬ್ಯಾಡಂತ. ಊರಿಗೆ ಬಂದ್ರ ಚಹಾದ ಜೋಡಿ ಏನ್ ಕೊಡ್ಲಿ ಅನ್ನೋದ ದೊಡ್ಡ ಚಿಂತಿ ಆಗೇತಿ, ಅಂಗಡಿ ಬಿಸ್ಕಿಟ್ ಪಾಕೀಟ ತಿರುವಿ ಓದಿದ್ರ ಹತ್ತರಾಗ ಎಂಟರಾಗ ಹಾಲಿನ ಪುಡಿ ಇರ್ತೈತಿ. ಅದಕ್ಕ ಮೊಬೈಲಿನಾಗ ಒಂದ್ ವಿಡಿಯೋ ನೋಡಿ ಮಾಡಾಕ ಹೋದೆ. ಅದರಾಗ ಆಕಿ ಎರಡು ಮಾಗಿದ ಬಾಳಿಹಣ್ಣು ಒಂದು ಕಪ್ ಓಟ್ಸ್ ಕಲಸಿ ಇಟ್ಟಳು, ಹದಿನೈದು ನಿಮಿಷಕ್ಕ ಬಿಸ್ಕಿಟ್ ಅಂದಳು. ನಾನು ಮನ್ಯಾಗ ಹಣ್ಣು ಭಾಳ ಆಗಿದ್ವು ಅಂತೇಳಿ ನಾಲ್ಕು ಹಾಕಿದೆ, ಮ್ಯಾಲೆ ಅರ್ಧ ಪಪ್ಪಾಯಿ ಹೋಳು, ಬೆಲ್ಲ ನೀರಾಗ ಕರಗಿಸಿ ಸೋಸಿ ಹಾಕಿದೆ. ಕುಕ್ಕರಿನಾಗ ಉಪ್ಪ ಹರವಿ ತಾಟ ಇಟ್ಟು ಬೇಯಿಸಿದೆ. ತಳ ಕರಿ ಆತು, ಮ್ಯಾಲೆ ಬಿಳಚಿಕೊಂಡು ಹಂಗೇ ಕುಂತೈತಿ, ನಡುವ ಮುರದ್ರ ಅಂಟು ಅಂಟು. ಬಿಸಿ ಇದ್ದಾಗ ಸ್ಟೀಲ್ ಡಬ್ಬ್ಯಾಗ ತುಂಬಿಟ್ಟಿದ್ದೆ, ಮೂರನೇ ದಿನ ಮುಚ್ಚಳ ತಗದ್ರ ಬೂಸ್ಟ ಬಂದೈತ್ರೀ. ಮನಿಯವರು ಒಂದು ಚಹಾದಾಗ ಅದ್ದಿದ್ರು, ಅದು ಕಪ್ಪಿನ ತಳಕ್ಕ ಹೋತು, ಆಮ್ಯಾಲೆ ಚಮಚದಿಂದ ತಗದ್ರು. ನಗಬ್ಯಾಡ್ರಿ.

ಗೋಕಾಕ ನಾಕಾ:
ನಕ್ಕೆ. ತಪ್ಪ ತಿಳಕೋಬ್ಯಾಡ್ರಿ ವೈನಿ. ನಮ್ಮನ್ಯಾಗ ನನ್ನ ಹೆಂಡ್ತಿ ಮಾಡಿದ್ದು ಚಹಾದಾಗ ಮುಳುಗಂಗಿರಲಿಲ್ಲ, ಯಾಕಂದ್ರ ಅದು ಕಲ್ಲಾಗಿತ್ತು.

ಟಿಳಕವಾಡಿ ಅಕ್ಕ:
ವೈನಿ, ನಾ ಬೆಳಗಾಂವದಾಗ ಮನಿಯಿಂದನ ಸಣ್ಣದಾಗಿ ಬೇಕಿಂಗ್ ಆರ್ಡರ್ ತಗೋತೇನಿ, ಈ ಬಿಸ್ಕಿಟ್ ಮ್ಯಾಲೆ ಎರಡು ವರ್ಷ ಕೈ ಸುಟಗೊಂಡೇನಿ, ಅದಕ್ಕ ಉದ್ದ ಬರೀತೇನಿ. ನಿಮ್ಮದರಾಗ ಓಟ್ಸ್ ತಪ್ಪಿಲ್ಲ, ಒಲಿ ತಪ್ಪೂ ಪೂರಾ ಇಲ್ಲ, ತಪ್ಪಿರೋದು ನೀರು. ಬಾಳಿಹಣ್ಣಿನಾಗ ನೂರು ಗ್ರಾಮಿಗೆ ಹತ್ರಹತ್ರ 75 ಗ್ರಾಂ ನೀರ ಇರ್ತೈತಿ. ಪಪ್ಪಾಯಿಯಂತೂ ಇನ್ನೂ ಹೆಚ್ಚು, 88 ತನಕ. ನೀವು ನಾಲ್ಕು ದೊಡ್ಡ ಹಣ್ಣು ಹಾಕೀರಿ ಅಂದ್ರ ತಿರುಳ ಅರ್ಧ ಕೇಜಿ ಸನೇ ಆತು, ಅಂದ್ರ ಮುನ್ನೂರು ಗ್ರಾಂ ಮ್ಯಾಲೆ ಬರೇ ನೀರು, ಮತ್ತ ಪಪ್ಪಾಯಿ, ಮತ್ತ ಬೆಲ್ಲದ ನೀರು. ಇದನ್ನ ಬಿಸ್ಕಿಟ್ ಅಂತ ಬೇಯಿಸಿದ್ರ ಅದು ಬೇಯಂಗಿಲ್ಲ, ಕುದಿತೈತಿ. ತುಪ್ಪದ ನಾನ್‌ಖಟಾಯಿ ನೋಡ್ರಿ, ಅದಕ್ಕ ನೀರ ಒಂದ್ ಹನಿ ಹಾಕಂಗಿಲ್ಲ, ತುಪ್ಪ ಸಕ್ರಿ ಹಿಟ್ಟು ಅಷ್ಟ. ಅದಕ್ಕ ಅದು ಬಾಯಾಗ ಇಟ್ರ ಪುಡಿಪುಡಿ ಆಗ್ತೈತಿ. ಹಣ್ಣಿನ ಬಿಸ್ಕಿಟ್ ಅದರ ತಂಗಿ ಅಲ್ಲ, ಬ್ಯಾರೆ ಮನಿ ಹುಡುಗಿ.

ಮುಧೋಳ ಕಾಕಾ:
ಹಂಗಾರ ತುಪ್ಪ ಹಾಕಿ ನಾನ್‌ಖಟಾಯಿ ಮಾಡ್ರಲ್ಲ. ಹಾಲು ತುಪ್ಪ ತಿಂದು ನಮ್ಮಪ್ಪ ತೊಂಬತ್ತು ವರ್ಷ ಬಾಳಿದ. ಈಗಿನ ಹುಡುಗ್ರಿಗೆ ಎಲ್ಲಾ ಬ್ಯಾಡ.

ವಿಜಾಪುರ ವೈನಿ:
ಕಾಕಾ ನಮ್ಮವನಿಗೆ ಹೇಳಿ ಹೇಳಿ ಸಾಕಾಗೇತಿ. ಅವನು ಒಂದ ಮಾತು ಅಂತಾನ, ಅವ್ವಾ ನೀ ನನ್ನ ಸಲುವಾಗಿ ಮಾಡೋದಾದ್ರ ಮಾಡು, ವಾದ ಮಾಡಬ್ಯಾಡ. ನಾ ವಾದ ಬಿಟ್ಟೇನಿ. ಅಕ್ಕಾ, ಹಣ್ಣು ಕಡಿಮಿ ಹಾಕ್ಲಿ ಅಂದ್ರ ಸಿಹಿ ಕಡಿಮಿ ಆಗಂಗಿಲ್ಲೇನು?

ಟಿಳಕವಾಡಿ ಅಕ್ಕ:
ಕಡಿಮಿ ಹಾಕೋದಲ್ಲ, ನೀರ ತಗದು ಹಾಕೋದು. ತವೆ ಅಥವಾ ದಪ್ಪ ತಳದ ಬುಟ್ಟಿ ಇಡ್ರಿ, ಎಣ್ಣಿ ಬ್ಯಾಡ, ಹಿಚುಕಿದ ಹಣ್ಣು ಹಾಕಿ ಸಣ್ಣ ಉರಿ ಮ್ಯಾಲೆ ಕೈ ಬಿಡದಂಗ ತಿರುವ್ರಿ. ಮೊದಲ ಪಚಪಚ ಅಂತೈತಿ, ಅಂಚಿಗೆ ಸಣ್ಣ ಸಣ್ಣ ಗುಳ್ಳಿ ಬರ್ತಾವು, ಆಮ್ಯಾಲೆ ಬಣ್ಣ ತಿರುಗತೈತಿ, ಹಳದಿ ಹೋಗಿ ಬೆಲ್ಲದ ಬಣ್ಣ, ಸಜ್ಜಿಗಿ ಹಲ್ವಾದಂಗ ಬುಟ್ಟಿ ಬಿಟ್ಟು ಒಂದು ಮುದ್ದಿ ಆಗಿ ಸೌಟಿನ ಜೋಡಿ ತಿರುಗಾಕ ಹತ್ತತೈತಿ. ಅಲ್ಲಿ ಉರಿ ಬಂದ್ ಮಾಡ್ರಿ. ಇನ್ನೂರು ಗ್ರಾಂ ತಿರುಳ ನೂರಾ ಹತ್ತು ನೂರಾ ಇಪ್ಪತ್ತಕ್ಕ ಇಳಿದಿರ್ತೈತಿ, ಹತ್ತು ನಿಮಿಷದ ಕೆಲಸ. ಸಿಹಿ ಎಲ್ಲೂ ಹೋಗಿಲ್ಲ, ಹೋಗಿದ್ದು ಬರೇ ಉಗಿ. ಮತ್ತ ಆ ವಾಸನಿ, ನಮ್ಮ ಬಾಜೂಮನಿ ಆಯಿ ಗ್ವಾಡಿ ಆ ಕಡಿಂದ ಕೇಳ್ತಾರ ಏನ್ ಕಾಸಾಕತ್ತಿ ಅಂತ.

ಇನ್ನೊಂದು, ಕಪ್ ಲೆಕ್ಕ ನಂಬಬ್ಯಾಡ್ರಿ. ವಿಡಿಯೋದಾಗ ಎರಡು ಹಣ್ಣು ಅಂದ್ರ ಅದು ಉದ್ದ ಪಚ್ಚಬಾಳಿ, ನಮ್ಮ ಯಾಲಕ್ಕಿ ಬಾಳಿ ಆದ್ರ ಐದು ಬೇಕಾಗ್ತಾವು. ತೂಕದ ಸಣ್ಣ ಯಂತ್ರ ಒಂದ್ ತಗೊಳ್ರಿ, ಅದರಷ್ಟು ನನಗ ಕೆಲಸಕ್ಕ ಬಂದ ಸಾಮಾನು ಅಡಗಿಮನ್ಯಾಗ ಬ್ಯಾರೆ ಇಲ್ಲ.

ಬಾಗಲಕೋಟಿ ತೋಟದಂವ:
ಅಕ್ಕಾರು ಹೇಳಿದ್ದು ಬರೋಬ್ಬರಿ. ಹಣ್ಣಿನ ಬಗ್ಗೆ ನಾ ಎರಡು ಮಾತು ಸೇರಸ್ತೀನಿ, ನಾ ತೋಟಗಾರಿಕಿ ಓದಿದಂವ. ಕಾಯಿ ಇದ್ದಾಗ ಬಾಳಿ ತಿರುಳಿನಾಗ ನೂರಕ್ಕ ಇಪ್ಪತ್ತರಷ್ಟು ಪಿಷ್ಟ ಇರ್ತೈತಿ, ಸಿಪ್ಪಿ ಮ್ಯಾಲೆ ಕರಿ ಚುಕ್ಕಿ ಬರೋದರಾಗ ಅದು ಹೆಚ್ಚೂ ಕಡಿಮಿ ಎಲ್ಲಾ ಸಕ್ರಿ ಆಗಿ ಒಂದೆರಡರಷ್ಟು ಉಳೀತೈತಿ. ಅದಕ್ಕ ಬಿಸ್ಕಿಟಿಗೆ ಚುಕ್ಕಿ ಬಿದ್ದ ಹಣ್ಣ ಬೇಕು, ನೋಡಾಕ ಚಂದ ಇದ್ದದ್ದು ಬ್ಯಾಡ. ಈಗ ಪ್ಯಾಟ್ಯಾಗ ಒಂದು ನಮೂನಿ ಸಿಗ್ತಾವು ನೋಡ್ರಿ, ಮ್ಯಾಲೆ ನಿಂಬಿ ಬಣ್ಣ ಹಳದಿ, ತೊಟ್ಟು ಮಾತ್ರ ಹಸರ, ಒಳಗ ಕಚ್ಚಿದ್ರ ಒಗರು, ಗಟ್ಟಿ. ಅಂಥವು ಗಡಬಡಿಲೆ ಮಾಗಿಸಿದ್ದು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಸೋದು ನಮ್ಮ ದೇಶದಾಗ ಕಾನೂನು ಪ್ರಕಾರ ನಿಷೇಧ, ಎಥಿಲೀನ್ ಅನಿಲಕ್ಕ ಮಾತ್ರ ಪರವಾನಗಿ, ಅದೂ 100 ಪಿಪಿಎಂ (ಅಂದ್ರ ಹತ್ತು ಲಕ್ಷ ಪಾಲಿನಾಗ ನೂರು ಪಾಲು) ಒಳಗ. ಮನ್ಯಾಗ ಮಾಗಿಸಬೇಕಂದ್ರ ಹಸರ ಗೊನಿ ಜೋಡಿ ಒಂದು ಮಾಗಿದ ಸೇಬು ಇಲ್ಲಾ ಚಿಕ್ಕು ಇಟ್ಟು ಹಳೇ ಪೇಪರಿನಾಗ ಸುತ್ತಿಡ್ರಿ, ಆ ಹಣ್ಣಿನಿಂದ ಬರೋ ಎಥಿಲೀನ್ ಸಾಕು. ನಮ್ಮ ಅಜ್ಜ ಜ್ವಾಳದ ಚೀಲದಾಗ ಮುಚ್ಚಿಡ್ತಿದ್ದ, ವಿಚಾರ ಅದ, ಅವಂಗ ಎಥಿಲೀನ್ ಹೆಸರ ಗೊತ್ತಿರಲಿಲ್ಲ.

ಮತ್ತ ಬಾಗಲಕೋಟಿ ಕಡೆ ಇದ್ದವರು ಬಾಳಿಗೆ ಯಾಕ ಜೋತು ಬೀಳ್ತೀರಿ, ಚಿಕ್ಕು ಹಾಕ್ರಿ. ತವೆ ಮ್ಯಾಲೆ ತಿರುವಿದ ಚಿಕ್ಕು ಬಾಯಾಗ ಥೇಟ್ ಬೆಲ್ಲದ ಪಾಕ.

ಶುಗರ್ ಅಣ್ಣ:
ಇದು ಶುಗರ್ ಇದ್ದವರಿಗೆ ನಡಿತೈತೇನ್ರಿ? ಎಲ್ಲಾ ಕಡೆ ಶುಗರ್ ಫ್ರೀ ಅಂತ ಬರದಿರ್ತಾರ.

ಟಿಳಕವಾಡಿ ಅಕ್ಕ:
ಅಣ್ಣಾರ, ಸಕ್ರಿ ಡಬ್ಬಿ ತಗೀಲಿಲ್ಲ ಅಂದ ಮಾತ್ರಕ್ಕ ಶುಗರ್ ಫ್ರೀ ಆಗಂಗಿಲ್ರಿ. ನಾ ಗಿರಾಕಿಗೆ ಲೆಕ್ಕ ಹಾಕಿ ಕೊಡ್ತೇನಿ, ನಿಮಗೂ ಹೇಳ್ತೇನಿ. ನನ್ನ ಅಳತಿಯಾಗ ಇನ್ನೂರು ಗ್ರಾಂ ಬಾಳಿ, ಅದರಾಗ ಸಕ್ರಿ ಸುಮಾರು 24 ಗ್ರಾಂ. ಒಣದ್ರಾಕ್ಷಿ 50 ಗ್ರಾಂ, ಅದರಾಗ 30. ಬೆಲ್ಲ 40 ಗ್ರಾಂ, ಅದರಾಗ 35 ಹಿಡೀರಿ. ಒಟ್ಟು ತೊಂಬತ್ತು ಸನೇ, ಇಪ್ಪತ್ನಾಲ್ಕು ಬಿಸ್ಕಿಟ್ ಆಗ್ತಾವು, ಒಂದಕ್ಕ ನಾಲ್ಕು ಗ್ರಾಂ ಹತ್ರ. ಅದರ ಮ್ಯಾಲೆ ಓಟ್ಸ್ ಮತ್ತ ಜ್ವಾಳದ ಪಿಷ್ಟ ಬ್ಯಾರೆ. ಬೆಲ್ಲ ಪೂರಾ ಬಿಟ್ರ ಎರಡೂಕಾಲಿಗೆ ಇಳೀತೈತಿ. ಚಹಾದ ಜೋಡಿ ಒಂದು ತಿನ್ನೋದಕ್ಕೂ ಟಿವಿ ಮುಂದ ಡಬ್ಬಿ ಇಟಗೊಂಡು ಕುಂಡ್ರೋದಕ್ಕೂ ಫರಕ ಐತಿ, ನಿಮಗ ಎಷ್ಟು ಅನ್ನೋದು ನಿಮ್ಮ ಡಾಕ್ಟರಿಗೆ ಕೇಳ್ರಿ.

ಶುಗರ್ ಅಣ್ಣ:
ಟಿವಿ ಮುಂದ ಕುಂಡ್ರೋದು ನಿಮಗ ಹೆಂಗ ಗೊತ್ತಾತ್ರಿ ಅಕ್ಕಾರ.

ತಿಕೋಟಾ ದ್ರಾಕ್ಷಿ:
ಒಣದ್ರಾಕ್ಷಿ ಮಾತು ಬಂತಲ್ಲ, ನಾ ಬರೀತೀನಿ. ನಮ್ಮದು ಮಣೂಕದ ಶೆಡ್ ಐತಿ. ನಾಲ್ಕು ಕೇಜಿ ಹಸಿ ದ್ರಾಕ್ಷಿಗೆ ಒಂದು ಕೇಜಿ ಮಣೂಕ, ನೀರು ತಗದ ಹಣ್ಣು ಅಂದ್ರ ಇದ ಅಲ್ರೀ, ತವೆ ಮ್ಯಾಲೆ ತಿರುವೋ ಕೆಲಸ ನಮ್ಮ ಬಿಸಲು ಗಾಳಿ ಮೊದಲ ಮಾಡಿ ಕೊಟ್ಟೈತಿ. ಗೊನಿ ತಂದು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕೂಡಿಸಿದ ನೀರಾಗ ಅದ್ದಿ ತಗೀತೀವಿ, ಸಿಪ್ಪಿ ಮ್ಯಾಲಿನ ಮೇಣ ಬಿಡತೈತಿ, ಆಮ್ಯಾಲೆ ಜಾಳಗಿ ಮ್ಯಾಲೆ ನೆರಳಾಗ ಒಣಗಸ್ತೀವಿ. ಮಿರಿಮಿರಿ ಹಳದಿ ಬೇಕಂದ್ರ ಗಂಧಕದ ಹೊಗಿ ಕೊಡ್ತಾರ. ಹಿಂಗಾಗಿ ಅಡಗಿಗೆ ಹಾಕೋ ಮೊದಲ ಬಿಸಿನೀರಾಗ ಒಮ್ಮೆ ಜಾಡಿಸಿ ತೊಳದು ಅರಿವಿ ಮ್ಯಾಲೆ ಪೂರಾ ಆರಿಸಿ ಹಾಕ್ರಿ, ನೆನಸಬ್ಯಾಡ್ರಿ, ನೆನಸಿದ್ರ ಮತ್ತ ನೀರ ಬಂತು. ಕಂದು ಬಣ್ಣದ್ದು ತಗೊಳ್ರಿ, ರೇಟೂ ಕಡಿಮಿ. ವೈನಿ ನೀವು ವಿಜಾಪುರದಾಗ ಇದ್ದು ಪಪ್ಪಾಯಿ ಹಾಕೀರಿ ಅಂದ್ರ ನನಗ ಸಿಟ್ಟ ಬರ್ತೈತಿ.

ವಿಜಾಪುರ ವೈನಿ:
ಪಪ್ಪಾಯಿ ಮಾತು ಇನ್ನ ತಗೀಬ್ಯಾಡ್ರಿ ಅಣ್ಣಾರ 🙏 ಅಕ್ಕಾ ಪೂರಾ ಅಳತಿ ಬರದು ಕೊಟ್ಟು ಬಿಡ್ರಿ. ತತ್ತಿ ಬದ್ಲಿ ಅಗಸಿ ಹಾಕಬೇಕಂತಲ್ಲ?

ಟಿಳಕವಾಡಿ ಅಕ್ಕ:
ಅಗಸಿ ಪುಡಿ ಒಂದು ಚಮಚ ಮೂರು ಚಮಚ ನೀರಾಗ ಕಲಸಿಟ್ರ ಲೋಳಿ ಬರ್ತೈತಿ, ಒಂದು ತತ್ತಿ ಬದ್ಲಿ ಕೇಕಿಗೆ ಅದು ಚಲೋ. ಇದರಾಗ ಬಾಳಿಹಣ್ಣ ತಾನ ಅಂಟು ಹಿಡೀತೈತಿ, ಅಗಸಿ ರುಚಿಗೆ ಬೇಕಂದ್ರ ಹುರದ ಪುಡಿ ಹಂಗ ಒಂದು ಚಮಚ ಉದುರಸ್ರಿ. ಅಗಸಿ ಹಿಂಡಿ ಮಾಡಿದ ಮಿಕ್ಸಿ ಜಾರಿನಾಗ ಮಾತ್ರ ರುಬ್ಬಬ್ಯಾಡ್ರಿ, ನಾ ಒಮ್ಮೆ ರುಬ್ಬಿದ್ದೆ, ಬಳ್ಳೊಳ್ಳಿ ಬಿಸ್ಕಿಟ್ ಆದ್ವು.

ಅಳತಿ ಹೇಳ್ತೇನಿ. ಓಟ್ಸ್ ನೂರೈವತ್ತು ಗ್ರಾಂ, ದಪ್ಪ ಹಾಳಿ ಇದ್ದದ್ದು, ಮೂರು ನಿಮಿಷದಾಗ ಗಂಜಿ ಆಗೋ ತೆಳ್ಳಂದು ಬ್ಯಾಡ, ಅದು ನೀರ ಹೀರಿ ಅಂಟ ಆಗ್ತೈತಿ. ಒಣ ಬುಟ್ಟ್ಯಾಗ ಘಮ್ಮ ಅನ್ನೂತನ ಹುರೀರಿ, ಅದರಾಗ ಎರಡು ಪಾಲು ಮಿಕ್ಸ್ಯಾಗ ರವಾದಂಗ ಮಾಡ್ರಿ, ಒಂದು ಪಾಲು ಹಂಗ ಇರ್ಲಿ. ಜ್ವಾಳದ ಹಿಟ್ಟು ನಲವತ್ತು ಗ್ರಾಂ, ಇದು ಹಾಕಿದ ಮ್ಯಾಲೆ ನನಗ ಆ ಕುರುಕ್ ಅನ್ನೋದು ಸಿಕ್ಕಿದ್ದು, ಜ್ವಾಳದಾಗ ಗ್ಲುಟನ್ (ಗೋದಿ ಹಿಟ್ಟಿನಾಗಿರೋ ಜಿಗಟ ಅಂಶ) ಇಲ್ಲ, ಜಿಗಟ ಆಗಂಗಿಲ್ಲ. ಹುರದ ಶೇಂಗಾ ಸಿಪ್ಪಿ ತಗದು ಕಲ್ಲಾಗ ತರಿತರಿ ಕುಟ್ಟಿದ್ದು ನಲವತ್ತು. ಒಣದ್ರಾಕ್ಷಿ ಐವತ್ತು, ಹೆಚ್ಚಿ ಹಾಕ್ರಿ, ಇಡೀ ಹಾಕಿದ್ರ ಅಂಚಿಗೆ ಬಂದದ್ದು ಸುಟ್ಟು ಕಹಿ ಆಗ್ತಾವು. ಬೆಲ್ಲದ ಪುಡಿ ನಲವತ್ತು, ಒಣದು, ನೀರಾಗ ಕರಗಿಸಿದ್ದು ಅಲ್ಲ. ಎಣ್ಣಿ ಮೂರು ದೊಡ್ಡ ಚಮಚ, ಗಾಣದ ಶೇಂಗಾ ಎಣ್ಣಿ ಇಲ್ಲಾ ಕುಸುಬಿ ಎಣ್ಣಿ. ಸೋಡಾ ಕಾಲು ಸಣ್ಣ ಚಮಚ, ಉಪ್ಪು ಚಿಟಿಕಿ, ಯಾಲಕ್ಕಿ. ಆರಿದ ಬಾಳಿ ಮುದ್ದಿಗೆ ಮೊದಲ ಎಣ್ಣಿ ಬೆಲ್ಲ ತಿಕ್ಕಿ ಕೂಡಿಸ್ರಿ, ಒಣ ಸಾಮಾನು ಹಾಕ್ರಿ, ಕಡೀಕ ಒಂದು ಸಣ್ಣ ಚಮಚ ಲಿಂಬಿ ರಸ. ಸೋಡಾಕ್ಕ ಹುಳಿ ಬೇಕು, ಇಲ್ಲಾಂದ್ರ ಸಾಬೂನ ರುಚಿ ಬರ್ತೈತಿ. ಹಿಟ್ಟು ಹದಿನೈದು ನಿಮಿಷ ಮುಚ್ಚಿಡ್ರಿ, ಓಟ್ಸ್ ಉಳದ ಹಸಿ ಎಲ್ಲಾ ಹೀರ್ಕೋತೈತಿ.

ಆಮ್ಯಾಲೆ ಲಿಂಬಿಕಾಯಿ ಗಾತ್ರ ಉಂಡಿ, ಒದ್ದಿ ಕೈಲೆ ತಟ್ರಿ, ರೊಟ್ಟಿ ತಟ್ಟೋ ಕೈಗೆ ಇದೇನ್ ಕಲಿಸಬೇಕಿಲ್ಲ. ಅರ್ಧ ಸೆಂಟಿಮೀಟರ್ ದಪ್ಪ, ಅದಕ್ಕಿಂತ ದಪ್ಪ ಆದ್ರ ಮತ್ತ ಮೆತ್ತಗ. ಸಕ್ರಿ ತುಪ್ಪದ ಬಿಸ್ಕಿಟ್ ಒಲ್ಯಾಗ ತಾನ ಹರಡತೈತಿ, ಇದು ಇಟ್ಟಂಗ ಇರ್ತೈತಿ.

ಇಂಡಿ ಲಿಂಬಿ:
ಲಿಂಬಿ ಇಂಡೀದ ಇರ್ಲಿ. ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಸುಮ್ನ ಕೊಟ್ಟಿಲ್ಲ.

ಗೋಕಾಕ ನಾಕಾ:
ಬಂದ್ರು ನೋಡ್ರಿ. ಹಂಗಾರ ನಮ್ಮ ಕರದಂಟೂ ಸೇರಸ್ರಿ.

ವಿಜಾಪುರ ವೈನಿ:
ಕರದಂಟು ನಮ್ಮವ ಮುಟ್ಟಂಗಿಲ್ಲ, ಅಂಟು ತುಪ್ಪದಾಗ ಹುರದಿರ್ತೈತಲ್ಲ. ಅಮೀನಗಡದ್ದು ತಂದಿಟ್ಟಿದ್ದೆ, ಮೂಸಿ ನೋಡಿ ಇಟ್ಟ, ಪಾಪ ಸಣ್ಣಂವಿದ್ದಾಗ ಅದಕ್ಕ ಅಳ್ತಿದ್ದ.

ಹುನಗುಂದ ಆಯಿ:
ಯವ್ವಾ ಅಂಟು ಎಣ್ಣ್ಯಾಗೂ ಅರಳತೈತಿ, ಮನ್ಯಾಗ ಮಾಡಿ ಕೊಡು ಹುಡುಗಗ. ಮತ್ತ ನೀವೆಲ್ಲಾ ಇದನ್ನ ಹೊಸಾದು ಹೊಸಾದು ಅಂತೀರಿ, ನಾವು ಕುಸುಬಿ ಕಾಳು ನೆನಿ ಹಾಕಿ ರುಬ್ಬಿ ಅರಿವ್ಯಾಗ ಹಿಂಡಿ ಹಾಲು ತಗದು ಗೋದಿ ಹುಗ್ಗಿ ಮಾಡ್ತಿದ್ದಿವಿ, ಅದರಾಗ ಆಕಳ ಹಾಲು ಎಲ್ಲಿ ಇತ್ತು. ಹುಗ್ಗಿ ಬಿಳೀ ಹಾಲಿನಾಗ ಮಾಡಿದಂಗ ಇರ್ತಿತ್ತು, ಕಡೀಕ ಬೆಲ್ಲ ಹಾಕ್ತಿದ್ದಿವಿ, ಮೊದಲ ಹಾಕಿದ್ರ ಒಡಿತೈತಿ. ಶೇಂಗಾ ಹೋಳಗಿ, ಎಳ್ಳ ಹೋಳಗಿ, ಜ್ವಾಳದ ರೊಟ್ಟಿ, ಗುರೆಳ್ಳ ಹಿಂಡಿ, ಜುಣಕಾ. ನಿಮ್ಮ ವೀಗನ್ ಹುಡುಗ ನಮ್ಮ ಊರಾಗ ಉಪವಾಸ ಬೀಳಂಗಿಲ್ಲ ಬಿಡು.

ಮುಧೋಳ ಕಾಕಾ:
ಆಯಿ, ಹೋಳಗಿ ಮ್ಯಾಲೆ ತುಪ್ಪ ಹಾಕದ ನೀವು ತಿಂದೀರೇನು, ಖರೇ ಹೇಳ್ರಿ.

ಹುನಗುಂದ ಆಯಿ:
ತುಪ್ಪ ಇದ್ದ ಮನ್ಯಾಗ ಹುಟ್ಟಿದ್ರ ತಿಂತಿದ್ದೆ.

ಬಾಗಲಕೋಟಿ ತೋಟದಂವ:
ಆಯಿ 🙏

ಮುಧೋಳ ಕಾಕಾ:
ಆತು ಬಿಡ್ರಿ. ನಾ ಬೆಲ್ಲದ ಬಗ್ಗೆ ಹೇಳ್ತೀನಿ, ಅದು ನನಗ ಗೊತ್ತು. ಮಹಾಲಿಂಗಪುರ ಪ್ಯಾಟಿಗೆ ನಮ್ಮ ಬೆಲ್ಲ ಹೋಗ್ತಿತ್ತು. ಬಿಸ್ಕಿಟ್ ಚಂದ ಕಾಣ್ಲಿ ಅಂತ ಬಂಗಾರದಂಥಾ ಹಳದಿ ಬೆಲ್ಲ ತಗೋಬ್ಯಾಡ್ರಿ. ಗಾಣದ ಮನ್ಯಾಗ ಕಬ್ಬಿನ ಹಾಲು ಕುದಿವಾಗ ಮಡ್ಡಿ ತಗಿಯಾಕ ಬೆಂಡಿ ಗಿಡದ ಲೋಳಿ ಹಾಕೋದು ಹಳೇ ಪದ್ಧತಿ, ಸುಣ್ಣದ ನೀರೂ ಹಾಕ್ತಾರ. ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಪುಡಿ ಹಾಕೋದು ಆಮ್ಯಾಲೆ ಬಂದದ್ದು. ಕರೇ ಕಂದು ಬೆಲ್ಲ, ಕೈಗೆ ಸ್ವಲ್ಪ ಅಂಟತೈತಿ, ಅದ ತಗೊಳ್ರಿ, ತುರಿದು ಪೇಪರ್ ಮ್ಯಾಲೆ ಅರ್ಧ ದಿನ ಹರವಿ ಒಣಗಿಸಿ ಹಾಕ್ರಿ. ಬಿಸ್ಕಿಟ್ ಕರೇವು ಆಗ್ತಾವು, ಆಗ್ಲಿ.

ಟಿಳಕವಾಡಿ ಅಕ್ಕ:
ಕಾಕಾ ಹಿಂಗ ಮೊದ್ಲ ಬರೀಬೇಕಿಲ್ಲೋ! ವೈನಿ, ಇನ್ನ ಬೇಯಿಸೋದು. ಓಟಿಜಿ (ಕರೆಂಟಿನ ಸಣ್ಣ ಓವನ್) ಇದ್ರ ಹತ್ತು ನಿಮಿಷ ಮೊದಲ ಕಾಸಿ 170 ಡಿಗ್ರಿಗೆ ಹದಿನೆಂಟು ನಿಮಿಷ, ಆಮ್ಯಾಲೆ ತಿರುವಿ ಹಾಕಿ 120ಕ್ಕ ಇಳಿಸಿ ಇನ್ನೂ ಹದಿನೈದು. ಎರಡು ಸಲ ಬೇಯಿಸೋದು ಯಾಕಂದ್ರ ಬಿಸ್ಕಿಟ್ ಅನ್ನೋ ಶಬ್ದದ ಅರ್ಥಾನ ಲ್ಯಾಟಿನ್‌ದಾಗ ಎರಡು ಸಲ ಬೇಯಿಸಿದ್ದು ಅಂತ, ನಮ್ಮ ಟೋಸ್ಟ್ ಇಲ್ಲೇನು, ಬ್ರೆಡ್ ಒಮ್ಮೆ ಬೇಯಿಸಿ ಕೊಯ್ದು ಮತ್ತ ಒಣಗಸ್ತಾರ, ಹಂಗ. ಕುಕ್ಕರಿನಾಗ ಮಾಡೋದಾದ್ರ ಗ್ಯಾಸ್ಕೆಟ್ ಸೀಟಿ ತಗೀರಿ, ತಳಕ್ಕ ಉಪ್ಪು, ಮ್ಯಾಲೆ ಎತ್ತರದ ರಿಂಗ್, ತಾಟು ಉಪ್ಪಿಗೆ ತಾಗಬಾರದು. ಅಲ್ಲಿ ಶಾಖ ತಳದಿಂದ ಮಾತ್ರ ಬರ್ತೈತಿ, ಅದಕ್ಕ ನಿಮ್ಮವು ತಳ ಕರಿ ಮ್ಯಾಲೆ ಬಿಳಿ. ನಡುವ ಒಮ್ಮೆ ತಿರುವ್ರಿ, ಮುಚ್ಚಳ ಒಂದ್ ಬೆರಳ ಸಂದಿ ಬಿಡ್ರಿ ಉಗಿ ಹೋಗಾಕ.

ಮತ್ತ ಒಲಿಯಿಂದ ತಗದಾಗ ಮೆತ್ತಗ ಇರ್ತಾವು, ಗಾಬರಿ ಆಗಿ ಮತ್ತ ಒಳಗ ಇಡಬ್ಯಾಡ್ರಿ, ಆರಿದ ಮ್ಯಾಲೆ ಗಟ್ಟಿ ಆಗ್ತಾವು. ಜಾಳಗಿ ಮ್ಯಾಲೆ ಎರಡು ತಾಸು ಪೂರಾ ಆರಿಸಿ ಡಬ್ಬಿಗೆ ಹಾಕ್ರಿ. ಹಿಂಗ ಮಾಡಿದ್ರೂ ಹೊರಗ ಒಂದು ವಾರದ ಮ್ಯಾಲೆ ಇಡಬ್ಯಾಡ್ರಿ, ಮಳಿಗಾಲದಾಗ ಬೆಳಗಾಂವದಂಥಾ ಥಂಡಿ ಊರಾಗ ನಾಲ್ಕ ದಿನ ಸಾಕು. ಆರು ತಿಂಗಳ ಇರೋದು ಬೇಕಂದ್ರ ಅಂಗಡಿಗೆ ಹೋಗಬೇಕಾಗ್ತೈತಿ.

ಕ್ಯಾಂಪ್ ಹುಡುಗ:
ಅಂಗಡಿಯಿಂದ ತರೋರು ಒಂದು ಗಮನಕ್ಕ ಇಟ್ಕೊಳ್ರಿ, ಹಸರ ಚುಕ್ಕಿ ಅಂದ್ರ ಸಸ್ಯಾಹಾರ ಅಷ್ಟ, ಅದರಾಗ ಹಾಲು ಇರಬಹುದು. ವೀಗನ್‌ಗೆ ಬ್ಯಾರೆ ಗುರುತು ಐತಿ, ಹಸರ ಚೌಕದಾಗ ವಿ ಅಕ್ಷರ, ಅದರ ತುದಿಗೆ ಒಂದ್ ಎಲಿ, 2022ರ ನಿಯಮದ ಪ್ರಕಾರ. ಸಣ್ಣ ಬೇಕರಿಯವರಿಗೆ ಕೇಳಿದ್ರ ಡಾಲ್ಡಾದಾಗ ಮಾಡೀವಿ ತಗೊಳ್ರಿ ಅಂತಾರ, ಆದ್ರ ಮಾರ್ಗರೀನ್ (ಬೆಣ್ಣಿ ಬದ್ಲಿ ಹಾಕೋ ಕೊಬ್ಬು) ಇದ್ರ ಅದರಾಗ ಹಾಲಿನ ಅಂಶ ಇರೋ ಚಾನ್ಸ್ ಇರ್ತೈತಿ, ಕೇಳಿ ತಗೊಳ್ರಿ. ನಾ ಒಂದು ಕಡೆ ಹಂಗ ಮೋಸ ಹೋಗೀನಿ. ಇನ್ನೊಂದು, ದೀಪಾವಳಿಗೆ ಹಿಟ್ಟು ತುಪ್ಪ ಒಯ್ದು ಬೇಕರಿ ಭಟ್ಟ್ಯಾಗ ನಾನ್‌ಖಟಾಯಿ ಮಾಡಿಸ್ತಿದ್ರಲ್ಲ ಮೊದಲ, ಹಂಗ ಈ ಹಿಟ್ಟು ಒಯ್ದು ಕೊಟ್ರ? ನಾ ಒಮ್ಮೆ ಒಯ್ದಿದ್ದೆ, ಭಟ್ಟಿ ಮಾಮಾ ಹಿಟ್ಟು ನೋಡಿ ಕೇಳಿದ, ಇದು ದನಕ್ಕೇನಪಾ ಅಂತ.

ಬಾಗಲಕೋಟಿ ತೋಟದಂವ:
ಅವನ ತಪ್ಪಿಲ್ಲ, ನಮ್ಮ ದೇಶದಾಗ ಓಟ್ಸ್ ಹೆಚ್ಚಾಗಿ ಮೇವಿಗೇನ ಬೆಳೀತಾರ.

ವಿಜಾಪುರ ವೈನಿ:
ಹತ್ತು ದಿನದ ಮ್ಯಾಲೆ ಬಂದೀನಿ. ಮಾಡಿದೆ. ಯಾಲಕ್ಕಿ ಬಾಳಿ ಐದು, ತವೆ ಮ್ಯಾಲೆ ತಿರುವಿದೆ, ಬುಟ್ಟಿ ಬಿಟ್ಟು ಮುದ್ದಿ ಆತು ನೋಡ್ರಿ, ನಾ ಒಬ್ಬಾಕಿನ ಅಡಗಿಮನ್ಯಾಗ ನಗಾಕ ಹತ್ತಿದ್ದೆ. ಕುಕ್ಕರಿನಾಗನ ಮಾಡಿದೆ, ಆರು ಆರರಂಗ ನಾಲ್ಕು ಸಲ, ಎರಡೂವರಿ ತಾಸು ಹಿಡೀತು, ಗ್ಯಾಸ್ ಖರ್ಚು ಕೇಳಬ್ಯಾಡ್ರಿ. ಮೊದಲಿನ ಆರು ಸ್ವಲ್ಪ ಸುಟ್ಟವು, ಅವನ್ನ ನಾನ ತಿಂದೆ. ಉಳದವು ಆರಿದ ಮ್ಯಾಲೆ ಮುರದೆ, ಟಕ್ ಅಂತು! ಅಂಚು ಕುರುಕುರು, ನಡುವ ಮಣೂಕ ಸಿಕ್ಕಲ್ಲಿ ಅಷ್ಟ ಮೆತ್ತಗ. ಮನಿಯವರು ಚಹಾದಾಗ ಅದ್ದಿ ಹಿಡದು ಐದು ಎಣಿಸಿ ಮ್ಯಾಲೆ ತಗದ್ರು, ಇಡೀ ಬಂತು. ಆಮ್ಯಾಲೆ ಏಳು ಎಣಿಸಾಕ ಹೋದ್ರು, ಅದು ಬಿತ್ತು, ಅದು ಅವರ ತಪ್ಪು.

ಆದ್ರ ಹನ್ನೆರಡು ಮಗಗ ಕೊರಿಯರ್ ಮಾಡಿದ್ದೆ, ಪೇಪರಿನಾಗ ಸುತ್ತಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ. ಬೆಂಗಳೂರು ಮುಟ್ಟೋದರಾಗ ಪುಡಿ. ಚಮಚದಿಂದ ತಿನ್ನಾಕತ್ತೀನಿ ಅವ್ವಾ ಅಂತ ಫೋಟೋ ಕಳಿಸ್ಯಾನ, ಚಲೋ ಐತಿ ಅಂದಾನ. ಇಡೀ ಮುಟ್ಟೋ ಹಂಗ ಹೆಂಗ ಕಳಸ್ಲಿ?

ಮುಧೋಳ ಕಾಕಾ:
ಬಸ್ಸಿನಾಗ ಯಾರರ ಹೋಗೋರ ಕೈಯಾಗ ಕಳಸ್ರಿ, ಕೊರಿಯರಿನವರು ಚೀಲ ಒಗೀತಾರ.

ಟಿಳಕವಾಡಿ ಅಕ್ಕ:
ಎರಡೆರಡು ಬೆನ್ನಿಗೆ ಬೆನ್ನ ಹಚ್ಚಿ ಪೇಪರ್ ಸುತ್ರಿ, ಡಬ್ಬ್ಯಾಗ ನಿಂದರಿಸಿ ಇಡ್ರಿ, ಮಲಗಿಸಬ್ಯಾಡ್ರಿ. ಸಂದಿಯಾಗ ಒಣ ಚುರಮರಿ ತುಂಬ್ರಿ, ಡಬ್ಬಿ ಅಲ್ಲಾಡಿಸಿದ್ರ ಸಪ್ಪಳ ಬರಬಾರದು ಅಷ್ಟು. ಚುರಮರಿ ಒಳಗಿನ ಥಂಡಿನೂ ಹೀರತೈತಿ.

ಹುನಗುಂದ ಆಯಿ:
ಒಂದು ಪುಟಾಣಿ ಪುಡಿ ಪಾಕೀಟೂ ಬಾಜೂಕ ಇಡು ಯವ್ವಾ, ಉಳ್ಳಾಗಡ್ಡಿ ಅಲ್ಲೇ ಸಿಗ್ತಾವು, ಬಿಸ್ಕಿಟ್ ಮುಗದ ಮ್ಯಾಲೆ ಆ ಚುರಮರಿಲೆ ಗಿರಮಿಟ್ಟ ಮಾಡ್ಕೋತಾನ.